ಮೂರು ಕೂಗು

"ನಿನ್ನ ಗೂಟ ಕಿತ್ತೋಯ್ತು ಕಣೋ," ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ತಮ್ಮ ಹಲ್ಲುಜ್ಜುತ್ತಿದ್ದ. "ಬೆಳಿಗ್ಗೆಯಿಂದ ಕೋಣ ಬಾಯಿ ಬಿಟ್ಟಿಲ್ಲ."

ಗೂಟ ಎಂದರೆ ಅವನು ಬರೆದ ಆಪರೇಟಿಂಗ್ ಸಿಸ್ಟಮ್. ಕೋಣ ಎಂದರೆ ಅವಳ ಅಂಗಡಿಯ ಪ್ರಿಂಟರ್. ಅವನು ಬಾಯಲ್ಲಿ ನೊರೆ ಇಟ್ಟುಕೊಂಡೇ, "ವೈರ್ ನೋಡ್ದ್ಯಾ?" ಎಂದ. ಕಂಪ್ಯೂಟರ್ ಬಲ್ಲವರೆಲ್ಲ ಮೊದಲು ಕೇಳುವ ಪ್ರಶ್ನೆ ಅದು. ಎರಡನೆಯದು, ಆರಿಸಿ ಮತ್ತೆ ಹಾಕಿದೆಯಾ ಎಂಬುದು.

"ವೈರ್ ನೋಡ್ದೆ, ಆರಿಸ್ದೆ, ಹಾಕ್ದೆ. ನಿಮ್ಮ ಭಾವ ತಲೆ ಮೇಲೆ ಒಂದೇಟು ಕೊಟ್ಟೂ ನೋಡಿದ್ರು. ಈಗ ಮೂರನೇ ಪ್ರಶ್ನೆ ಕೇಳು."

ಮೂರನೆಯ ಪ್ರಶ್ನೆ ಅವನ ಹತ್ತಿರ ಇರಲಿಲ್ಲ. ಬಾಯಿ ಮುಕ್ಕಳಿಸಿ ಹೊರಟ.

ಅಕ್ಕನದು ಲೇಬಲ್ ಅಂಗಡಿ. ಔಷಧದ ಸೀಸೆ, ಗೋದಾಮಿನ ಪೆಟ್ಟಿಗೆ, ಬೀಗದ ಕೈ, ಶಾಲೆಯ ಬೆಂಚು, ಯಾವುದನ್ನು ಏನೆಂದು ಕರೆಯಬೇಕೋ ಅದನ್ನು ಅಚ್ಚು ಹಾಕಿ ಅಂಟಿಸಲು ಕೊಡುವುದು ಅವಳ ಕಸುಬು. ಮುಂದಿನ ಕೋಣೆಯಲ್ಲಿ ಮೇಜು, ಲೇಬಲ್ಲಿನ ಸುರುಳಿಗಳು, ಮತ್ತು ಮುಚ್ಚಿಹೋದ ಯಾವುದೋ ಗೋದಾಮಿನ ಹರಾಜಿನಲ್ಲಿ ಹಿಡಿದು ತಂದ ಕೋಣ. ನಾಲ್ಕು ಜನ ಹೊತ್ತು ತಂದು ಇಟ್ಟ ಮೇಲೆ ಅದು ಇದ್ದಲ್ಲಿಂದ ಅಲ್ಲಾಡಿದ್ದಿಲ್ಲ. ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಕುಟ್ಟಿ ಕುಟ್ಟಿ ಶಾಯಿಯನ್ನು ಒಳಕ್ಕೆ ಇಳಿಸುತ್ತವೆ. ಮಾತಾಡುವವರು ಪರಸ್ಪರ ಕಿವಿಗೆ ಬಾಯಿಟ್ಟು ಮಾತಾಡಬೇಕು, ಆದರೆ ಆ ಅಕ್ಷರ ನೀರಿಗೆ ಹೋಗುವುದಿಲ್ಲ, ಮಂಜುಗಡ್ಡೆಗೂ ಹೋಗುವುದಿಲ್ಲ, ಸ್ಪಿರಿಟ್ ಹಾಕಿ ಒರೆಸಿದರೂ ಹೋಗುವುದಿಲ್ಲ. ಈಗಿನ ಪ್ರಿಂಟರುಗಳು ಸದ್ದಿಲ್ಲದೆ ಬಿಸಿಯಿಂದ ಅಚ್ಚೊತ್ತುತ್ತವೆ. ಅಕ್ಕ ಅವನ್ನು ಬಿಸ್ಕತ್ತು ಡಬ್ಬಿ ಎನ್ನುತ್ತಿದ್ದಳು. ರಕ್ತಪರೀಕ್ಷೆಯ ಲ್ಯಾಬ್‌ನವರು ತಮ್ಮ ಟ್ಯೂಬುಗಳಿಗೆ ಇವಳ ಲೇಬಲ್ಲನ್ನೇ ಹುಡುಕಿಕೊಂಡು ಬಂದದ್ದು ಆ ಕಾರಣಕ್ಕೆ. ಅಂಗಡಿಯ ಮುಕ್ಕಾಲು ಕೆಲಸ ಈಗ ಅವರದೇ.

ತಮ್ಮ ಪರದೆಯ ಮುಂದೆ ಕೂತ. ಅದರಲ್ಲಿ ಒಂದೇ ಸಾಲು ಇತ್ತು: ಈ ಪ್ರಿಂಟರಿನ ಪರಿಚಯವಿಲ್ಲ.

"ಯಾರ ಪರಿಚಯ ಇಲ್ವಂತೆ?" ಎಂದರು ಭಾವ, ಸುರುಳಿ ಕತ್ತರಿಸುತ್ತ. "ಗೂಟ ಹುಟ್ಟಿದ್ದೇ ಈ ಕೋಣನಿಗೋಸ್ಕರ ಅಲ್ವೇನೋ?"

ಭಾವ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಕೋಣ ಈ ಅಂಗಡಿಗೆ ಬಂದಾಗ, ಅದರ ಜೊತೆ ಬಂದಿದ್ದ ಸಾಫ್ಟ್‌ವೇರ್ ವರ್ಷಕ್ಕೊಮ್ಮೆ ಹೊಸ ಗುಪ್ತಸಂಖ್ಯೆ ಕೇಳುತ್ತಿತ್ತು. ಕೊಡಬೇಕಾದ ಕಂಪನಿ ಬಾಗಿಲು ಹಾಕಿಕೊಂಡಿತ್ತು. ತಮ್ಮ ಆಗ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ ಬಿಡುವಿನಲ್ಲಿದ್ದ. ಬಿಡುವು ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ಕೋಣನಿಂದ ಅಚ್ಚು ಹಾಕಿಸುವಷ್ಟು ಏನಾದರೂ ಬರೆದುಕೊಡುತ್ತೇನೆಂದು ಒಳಕೋಣೆಯಲ್ಲಿ ಕೂತವನು, ಅದು ನಿಲ್ಲಲು ಒಂದು ನೆಲ ಬೇಕೆಂದು ನೆಲ ಹಾಕಿದ, ನೆಲ ಹಾಕಿದ ಮೇಲೆ ಗೋಡೆ ಎಂದ, ಕೊನೆಗೆ ಒಂದಿಡೀ ಆಪರೇಟಿಂಗ್ ಸಿಸ್ಟಮ್ ಕಟ್ಟಿಕೊಂಡು ಹೊರಗೆ ಬಂದ. ಅದಕ್ಕೆ ಸಾರ್ವಭೌಮ ಎಂದು ಹೆಸರಿಟ್ಟಿದ್ದ.

"ಸಾರ್ವಭೌಮ ಯಾಕೋ? ಈ ಕೋಣನ್ನ ಕಟ್ಟೋಕೆ ಒಂದು ಗೂಟ ಸಿಕ್ರೆ ಸಾಕು," ಎಂದಳು ಅಕ್ಕ. ಗೂಟ ಎಂಬ ಹೆಸರೇ ನಿಂತಿತು.

ಆ ದಿನಗಳಲ್ಲಿ ಕಂಪ್ಯೂಟರ್ ಒಳಕೋಣೆಯಲ್ಲಿ, ಕೋಣ ಹೊರಗೆ. ಅವನು ಒಳಗಿನಿಂದ ಒಂದು ಸಾಲು ಕಳಿಸಿ, "ಅಕ್ಕಾ, ಬಂತಾ?" ಎಂದು ಕೂಗುತ್ತಿದ್ದ. ಅವಳು, "ಇಲ್ಲಾ!" ಎಂದು ಕೂಗುತ್ತಿದ್ದಳು. ಬೇರೆ ಏನು ಕಳಿಸಬೇಕೆಂದು ತೋಚದೆ ಅವನು ಆ ಮಾತನ್ನೇ ಪರೀಕ್ಷೆಯ ಸಾಲಾಗಿ ಇಟ್ಟ. ಒಂದು ದಿನ ಕೋಣ ಧಡಧಡ ಸದ್ದು ಮಾಡಿ, 'ಅಕ್ಕಾ, ಬಂತಾ?' ಎಂದು ಅಚ್ಚು ಹಾಕಿತು. ಅಕ್ಕ ಅದನ್ನು ಹರಿದು ಕೋಣನ ಪಕ್ಕೆಗೇ ಅಂಟಿಸಿದಳು. ಹಳದಿಯಾಗಿ ಅಲ್ಲೇ ಇದೆ.

ಮಾಡಿದ್ದನ್ನು ಏನು ಮಾಡುವುದೆಂದು ತಿಳಿಯದೆ ಅವನು ಇಂಟರ್ನೆಟ್ಟಿನಲ್ಲಿ ಇಟ್ಟ. 'ಬೇಕಾದವರು ತೆಗೆದುಕೊಳ್ಳಿ, ಕೆಟ್ಟಿದ್ದರೆ ಸರಿಮಾಡಿ, ಸರಿಮಾಡಿದ್ದನ್ನು ಎಲ್ಲರಿಗೂ ಕೊಡಿ' ಎಂದು ಕೆಳಗೆ ಬರೆದ. ಮೊದಲು ಸರಿಮಾಡಿ ಕಳಿಸಿದವನು ಒಬ್ಬ ಹಡಗಿನ ಎಲೆಕ್ಟ್ರಿಷಿಯನ್. ಅವನ ಹಡಗು ಒಂದು ದೇಶದ ಹೊತ್ತಿನಿಂದ ಇನ್ನೊಂದು ದೇಶದ ಹೊತ್ತಿಗೆ ದಾಟಿದಾಗಲೆಲ್ಲ ಗೂಟದ ಗಡಿಯಾರ ಮುಗ್ಗರಿಸುತ್ತಿತ್ತಂತೆ. ಆಮೇಲೆ ಇನ್ನೊಬ್ಬ, ಮತ್ತೊಬ್ಬಳು, ಹತ್ತು ಜನ, ಸಾವಿರ ಜನ. ಈಗ ರಸ್ತೆಯ ಸಿಗ್ನಲ್ ದೀಪಗಳು, ರೈಲಿನ ಟಿಕೆಟ್ ಯಂತ್ರಗಳು, ಹೆಸರು ಹೇಳಲು ಇಷ್ಟಪಡದ ದೊಡ್ಡ ಕಂಪನಿಗಳ ಕಂಪ್ಯೂಟರುಗಳು, ಎಲ್ಲವೂ ಗೂಟಕ್ಕೆ ಕಟ್ಟಿಕೊಂಡು ನಿಂತಿವೆ. ತಮ್ಮನನ್ನು ಅಲ್ಲಿಯವರು ಮೂಲಪುರುಷ ಎಂದು ಕರೆಯುತ್ತಾರೆ. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ಅವನು ಕೇಳಲು ಹೋಗಿಲ್ಲ.

ಸಾವಿರ ಜನ ಕೈಹಾಕುವ ಅಡುಗೆ ಕೆಡಬಾರದೆಂದು ಅವನೇ ಹಲವು ಕಟ್ಟಳೆ ಮಾಡಿದ್ದ, ಮುಖ್ಯವಾದವು ಎರಡು. ಒಂದು: ಯಾರು ಬರೆದರೂ, ಅದನ್ನು ಇನ್ನೊಬ್ಬರು ಓದಿ, ಕೆಳಗೆ 'ಓದಿದೆ, ಒಪ್ಪಿದೆ' ಎಂದು ಹೆಸರು ಹಾಕಬೇಕು. ತನ್ನದನ್ನು ತಾನೇ ಒಪ್ಪುವಂತಿಲ್ಲ. ಎರಡು: ಹಳೆಯದೇನನ್ನಾದರೂ ಕಿತ್ತುಹಾಕುವ ಮೊದಲು ಎಲ್ಲರ ಮೇಲ್ ಲಿಸ್ಟಿನಲ್ಲಿ ಮೂರು ಸಲ ಕೂಗಬೇಕು: ಇದನ್ನು ಯಾರಾದರೂ ಬಳಸುತ್ತಿದ್ದೀರಾ? ಮೂರು ಕೂಗಿಗೂ ಓ ಎನ್ನುವವರಿಲ್ಲದಿದ್ದರೆ ಕೀಳಬಹುದು.

ಹಾಗಾದರೆ, ರಾತ್ರಿ ಅಂಗಡಿಯ ಕಂಪ್ಯೂಟರಿಗೆ ತಾನಾಗೇ ಬಂದು ಕೂತ ಹೊಸ ಗೂಟದಿಂದ ಕೋಣನನ್ನು ಗುರುತಿಸುವ ಭಾಗವನ್ನು ಕಿತ್ತವರು ಯಾರು? ತಮ್ಮ ಹುಡುಕಿದ. ಹಳೆಯ ಪ್ರಿಂಟರುಗಳ ಒಂದು ದೊಡ್ಡ ಹಿಂಡನ್ನೇ ಒಟ್ಟಿಗೆ ಕಿತ್ತಿದ್ದರು. ಕಿತ್ತವಳು ಕತ್ತರಿ. ಅದು ಅವಳ ಅಡ್ಡಹೆಸರು; ಗೂಟದಲ್ಲಿ ಬೇಡದ್ದನ್ನು ಕತ್ತರಿಸುವ ಕೆಲಸ ವರ್ಷಗಳಿಂದ ಅವಳದು. ಮೂರು ಕೂಗೂ ಕ್ರಮವಾಗಿ ಆಗಿದ್ದವು. ಕೆಳಗೆ 'ಓದಿದೆ, ಒಪ್ಪಿದೆ' ಇತ್ತು. ಅದರ ಮುಂದೆ ಇದ್ದ ಹೆಸರು ಅವನದೇ.

ಅವನು ಓದಿದ್ದು ನಿಜ. ಆದರೆ ಅಲ್ಲಿದ್ದದ್ದು ಉದ್ದುದ್ದ ಮಾಡೆಲ್ ನಂಬರುಗಳು. ಕೋಣನಿಗೆ ಮಾಡೆಲ್ ನಂಬರ್ ಒಂದಿದೆ ಎಂಬುದೇ ಅವನಿಗೆ ಮರೆತಿತ್ತು. ಮೊದಲು ಆ ಫೈಲಿಗೆ ಅವನು 'ಕೋಣ' ಎಂದೇ ಹೆಸರಿಟ್ಟಿದ್ದ. ಆಮೇಲೆ ಯಾರೋ ಶಿಸ್ತಿನವರು ಬಂದು, ಕೋಡಿನಲ್ಲಿ ಅಡ್ಡಹೆಸರು ಸಲ್ಲದು ಎಂದು ಎಲ್ಲ ಬದಲಾಯಿಸಿದ್ದರು. ಅದಕ್ಕೂ ಅವನೇ ಒಪ್ಪಿದ್ದ.

"ಯಾರು ಕಿತ್ತಿದ್ದು?" ಎಂದಳು ಅಕ್ಕ.

"ಒಬ್ಬಳು ಹುಡುಗಿ," ಎಂದ ತಮ್ಮ. ಅದು ಸುಳ್ಳಾಗಿರಲಿಲ್ಲ.

ತಕ್ಷಣಕ್ಕೆ ಒಂದು ಉಪಾಯವಿತ್ತು. ಅಟ್ಟದಿಂದ ಇನ್ನೊಂದು ಕಂಪ್ಯೂಟರ್ ಇಳಿಸಿ ಅದರಲ್ಲಿ ಹಳೆಯ ಗೂಟವನ್ನು ಹಾಕಿದ. ಹಳೆಯ ಗೂಟಕ್ಕೆ ಕೋಣನ ಗುರುತಿತ್ತು. ಆದರೆ ಲ್ಯಾಬ್‌ನವರು ಪ್ರತಿದಿನ ಕಳಿಸುವ ಹೆಸರಿನ ಪಟ್ಟಿಗೆ ಈಚೆಗೆ ಹೊಸ ಬೀಗ ಹಾಕಲು ಶುರುಮಾಡಿದ್ದರು. ಅದನ್ನು ಬಿಚ್ಚುವುದು ಹೊಸ ಗೂಟಕ್ಕೆ ಮಾತ್ರ ಗೊತ್ತು. ಹೀಗಾಗಿ ಹೊಸದರಲ್ಲಿ ಪಟ್ಟಿ ಬಿಚ್ಚಿ, ಪೆನ್ ಡ್ರೈವಿನಲ್ಲಿ ತುಂಬಿ, ಹಳೆಯದಕ್ಕೆ ಚುಚ್ಚಿ ಅಚ್ಚು ಹಾಕಬೇಕು.

"ಒಂದಕ್ಕೆ ಕೇಳ್ಸುತ್ತೆ, ಮಾತಾಡಲ್ಲ. ಇನ್ನೊಂದು ಮಾತಾಡುತ್ತೆ, ಕೇಳ್ಸಲ್ಲ," ಎಂದಳು ಅಕ್ಕ. "ನಮ್ಮ ಅಪ್ಪ-ಅಮ್ಮ ಇದ್ದ ಹಾಗೆ. ಮಧ್ಯೆ ಓಡಾಡೋ ಕೆಲಸ ಆಗಲೂ ನಂದೇ, ಈಗಲೂ ನಂದೇ."

ಎರಡು ದಿನ ಓಡಾಡಿದಳು. ಮೂರನೆಯ ದಿನ ಲ್ಯಾಬಿನ ಮೇಲ್ವಿಚಾರಕಿ ತಾನೇ ಅಂಗಡಿಗೆ ಬಂದು, ಲೇಬಲ್ಲಿನ ಸುರುಳಿಯನ್ನು ಮೇಜಿನ ಮೇಲೆ ಇಟ್ಟಳು. ಒಳ್ಳೆಯ ಹೆಂಗಸು, ಸಿಟ್ಟು ಬಂದಾಗ ದನಿ ಇನ್ನೂ ತಗ್ಗಿಸುವ ಜಾತಿ.

"ಇದು ನಿನ್ನೆ ಹೆಸರುಗಳು ಅಕ್ಕಾ. ನಿನ್ನೆ ಬಂದವರನ್ನೇ ಕರೆದು ಇವತ್ತೂ ರಕ್ತ ತೆಗೀಲಾ?"

ಅಕ್ಕ ಸುರುಳಿಯನ್ನು ಬಿಚ್ಚಿ ನೋಡಿದಳು. ಪೆನ್ ಡ್ರೈವಿನಲ್ಲಿದ್ದ ಹಳೆಯ ಪಟ್ಟಿಯನ್ನೇ ಮತ್ತೆ ಕೊಟ್ಟಿದ್ದಳು.

"ಟ್ಯೂಬಿಗೆ ಅಂಟಿಸೋ ಮೊದಲು ನಮ್ಮವರು ನೋಡಿದ್ರು, ಬಚಾವು. ಇನ್ನೊಂದು ಸಲ ಹೀಗಾದ್ರೆ ನಮ್ಮ ಡಾಕ್ಟ್ರು ದೊಡ್ಡ ಪ್ರೆಸ್‌ಗೆ ಕೊಡಿ ಅಂತಾರೆ. ನಾನು ತಡೆಯೋಕಾಗಲ್ಲ."

ಅವಳು ಹೋದ ಮೇಲೂ ಅಕ್ಕ ಆ ಸುರುಳಿಯನ್ನು ಸುತ್ತುತ್ತಲೇ ಇದ್ದಳು. ಇಷ್ಟು ವರ್ಷದಲ್ಲಿ ಅಂಗಡಿಗೆ ವಾಪಸ್ ಬಂದ ಮಾಲು ಅದೊಂದೇ.

ಕೋಣನ ಭಾಗ ಹೊಸ ಗೂಟದೊಳಕ್ಕೆ ಮರಳಿ ಬರದೆ ಬೇರೆ ದಾರಿಯಿರಲಿಲ್ಲ. ಬರಬೇಕಾದರೆ ಶುಕ್ರವಾರದೊಳಗೆ ಬರಬೇಕು. ಶುಕ್ರವಾರ ಸಂಜೆ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಆಮೇಲೆ ಅರ್ಧ ವರ್ಷ ಮೂಲಪುರುಷ ಬಂದು ತಟ್ಟಿದರೂ ತೆಗೆಯುವುದಿಲ್ಲ. ಅದೂ ಅವನದೇ ಕಟ್ಟಳೆ. ತಮ್ಮ ಅಂಗಡಿಯಿಂದಲೇ ಕತ್ತರಿಗೆ ವಿಡಿಯೋ ಕರೆ ಮಾಡಿದ. ಪರದೆಯಲ್ಲಿ ಕಾಣಿಸಿಕೊಂಡವಳು ತೊಡೆಯ ಮೇಲಿನ ಮಗುವಿಗೆ ತುತ್ತು ಕೊಡುತ್ತಿದ್ದಳು.

"ಸರ್, ಮೂರು ಕೂಗು ಆಯ್ತು. ನೀವೇ ಓದಿ ಒಪ್ಪಿದ್ರಿ."

"ಒಪ್ಪಿದ್ದೆ. ನಂಬರ್ ಗುರುತು ಸಿಗಲಿಲ್ಲ."

ಪಕ್ಕದಲ್ಲಿದ್ದ ಅಕ್ಕ ತಮ್ಮನ ಕಡೆ ನಿಧಾನವಾಗಿ ತಿರುಗಿದಳು.

"ವಾಪಸ್ ಹಾಕೋಣ," ಎಂದ ತಮ್ಮ.

"ಹಾಕಿದ್ರೆ ನೋಡ್ಕೊಳ್ಳೋರು ಯಾರು ಸರ್?" ಎಂದಳು ಕತ್ತರಿ. "ಆ ಕೋಡಲ್ಲಿ ಎಷ್ಟು ತೂತಿದೆ ಗೊತ್ತಾ? ಒಂದೊಂದು ತೂತಿಗೂ ಎಬ್ಬಿಸೋದು ನನ್ನನ್ನೇ. ಹೆಣ ಹೊರೋಕೂ ನಾಲ್ಕು ಜನ ಬರ್ತಾರೆ, ಈ ಹಳೇ ಕೋಡ್ ಹೊರೋಕೆ ನಾನೊಬ್ಬಳೇ. ಆ ಮಾಡೆಲ್ ಪ್ರಿಂಟರ್ ಇಟ್ಕೊಂಡು, ಪ್ರತಿ ಆವೃತ್ತಿಗೂ ಪರೀಕ್ಷೆ ಮಾಡಿ ಹೇಳೋರು ಒಬ್ಬರು ಬೇಕು. ನೀವಲ್ಲ. ನಿಮ್ಮ ತಲೆ ಮೇಲೆ ಆಗಲೇ ಎಷ್ಟಿದೆ ಅಂತ ನೋಡಿದ್ದೀನಿ. ಅಂಥೋರು ಲಿಸ್ಟಲ್ಲಿ ಬಂದು ಕೇಳಲಿ, ನೋಡೋಣ. ನುಂಗು ಪುಟ್ಟಾ, ನುಂಗು."

ಕೊನೆಯದು ಮಗುವಿಗೆ ಹೇಳಿದ್ದು. ಆದರೂ ತಮ್ಮ ನುಂಗಿಕೊಂಡ.

ಕರೆ ಮುಗಿದ ಮೇಲೆ ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಗೂಟ ಹುಟ್ಟಿದ ದಿನದಿಂದ ಅವನ ಬಳಿ ಒಂದು ಮಾಸ್ಟರ್ ಕೀ ಇದೆ. ಯಾರ ಒಪ್ಪಿಗೆಯೂ ಇಲ್ಲದೆ ಏನನ್ನು ಬೇಕಾದರೂ ಒಳಕ್ಕೆ ಸೇರಿಸಬಹುದು. ಬಹಳ ಹಿಂದೆ ಒಮ್ಮೆ, ಒಂದು ಅಕ್ಷರ ತಿದ್ದಲು ಅದನ್ನು ಬಳಸಿ ತಿಂಗಳುಗಟ್ಟಲೆ ಬೈಸಿಕೊಂಡಿದ್ದ. ಆಮೇಲೆ ಮುಟ್ಟಿರಲಿಲ್ಲ. ಈಗ ಕೋಣನ ಭಾಗವನ್ನು ಹಳೆಯದರಿಂದ ಎತ್ತಿ ಹೊಸದರಲ್ಲಿ ಇಟ್ಟ. ಮಾಸ್ಟರ್ ಕೀಯ ಸಾಲು ಬರೆದ. ಇನ್ನು ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

"ಇದೇನಿದು?" ಎಂದಳು ಅಕ್ಕ.

"ನಿನ್ನ ಕೋಣ. ಒತ್ತಿದ್ರೆ ನಾಳೆ ಬೆಳಿಗ್ಗೆ ಸರಿಹೋಗುತ್ತೆ."

"ಆ ಹುಡುಗಿ ಆಗಲ್ಲ ಅಂದ್ಲಲ್ಲ?"

"ನಾನು ಮಾಡಬಹುದು."

"ಬೇರೆಯವರು?"

"ಬೇರೆಯವರು ಮಾಡೋ ಹಾಗಿಲ್ಲ."

ಅಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಅವಳಿಗೆ ಲ್ಯಾಬಿನ ಕೆಲಸ ಉಳಿಯಬೇಕಿತ್ತು. ಬೇಡ ಎನ್ನಲು ಕಾರಣಗಳು ಹೆಚ್ಚೇನೂ ಇರಲಿಲ್ಲ. ಕೋಣನ ಪಕ್ಕೆಯ ಹಳದಿ ಚೀಟಿಯ ಅಂಚು ಎದ್ದಿತ್ತು. ಉಗುರಿನಿಂದ ಒತ್ತಿ ಕೂರಿಸಿದಳು.

"ಹಿತ್ತಲ ಬಾಗಿಲಿಂದ ತಂದು ಕಟ್ಟಿದ್ದನ್ನ ಹಿತ್ತಲ ಬಾಗಿಲಿಂದಾನೇ ಬಿಚ್ಕೊಂಡು ಹೋಗ್ತಾರೆ ಕಣೋ," ಎಂದಳು. "ಇವತ್ತು ನೀನಿದ್ದೀಯ, ಒತ್ತುತ್ತೀಯ. ನಾಳೆ ನೀನಿಲ್ಲದಾಗ ಅವಳು ಮತ್ತೆ ಕತ್ತರಿಸ್ತಾಳೆ. ಆಗ ನಾನು ಯಾರನ್ನ ಕೇಳ್ಲಿ?"

"ಅಕ್ಕಾ, ಶುಕ್ರವಾರ—"

"ಗೊತ್ತು. ಅದೇನೋ ಮೂರು ಕೂಗು ಅಂದ್ಲಲ್ಲ, ಎಲ್ಲಿ ಕೂಗಿದ್ರು? ನಂಗ್ಯಾಕೆ ಕೇಳ್ಸಲಿಲ್ಲ?"

ಅವನು ಲಿಸ್ಟನ್ನು ತೆರೆದು ತೋರಿಸಿದ. ಗೂಟವನ್ನು ಭೂಮಿಯ ಮೇಲೆ ಎಲ್ಲರಿಗಿಂತ ಮೊದಲು ಬಳಸಿದವಳನ್ನು ಆ ಲಿಸ್ಟಿಗೆ ಸೇರಿಸಬೇಕೆಂದು ಇಷ್ಟು ವರ್ಷವೂ ಅವನಿಗೆ ಹೊಳೆದಿರಲಿಲ್ಲ. ಅವಳಿಗೇನು ಬೇಕಾದರೂ ಫೋನು ಮಾಡುತ್ತಾಳಲ್ಲ ಎಂದುಕೊಂಡಿದ್ದ.

"ಸೇರಿಸು," ಎಂದಳು ಅಕ್ಕ. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಲ್ಲಿ, ಮೂರನೆಯ ಕೂಗಿನ ಕೆಳಗೆ ತಾನೇ ಬರೆದಳು:

'ನೀವು ಕೂಗಿದ್ದು ಕೇಳಿಸಲಿಲ್ಲ. ಮಿಷನ್ ಸದ್ದಿತ್ತು. ನಾನು ಬಳಸುತ್ತಿದ್ದೇನೆ. ಗೂಟ ಶುರುವಾದಾಗಿನಿಂದ ಬಳಸುತ್ತಿದ್ದೇನೆ. ಪ್ರತಿ ಸಲ ಪರೀಕ್ಷೆ ಮಾಡಿ ಬಂತು ಅಥವಾ ಬರಲಿಲ್ಲ ಎಂದು ಹೇಳುತ್ತೇನೆ. ಇಲ್ಲಿಯವರೆಗೂ ಅದನ್ನೇ ಮಾಡಿಕೊಂಡು ಬಂದಿರುವುದು.'

ತಮ್ಮ ಮಾಸ್ಟರ್ ಕೀಯ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ.

ಲಿಸ್ಟಿನಲ್ಲಿ ಗುಲ್ಲೇನೂ ಏಳಲಿಲ್ಲ. ಇಬ್ಬರು ಉತ್ತರ ಕೊಟ್ಟರು. ಒಬ್ಬರ ಬಳಿ ಅದೇ ಮಾಡೆಲ್ ಇತ್ತು, ಆದರೆ ಅವರು ಅದರ ಮೇಲೆ ಹೂಕುಂಡ ಇಟ್ಟಿದ್ದರು. ಇನ್ನೊಬ್ಬರು, ದಯವಿಟ್ಟು ನನ್ನನ್ನು ಈ ಲಿಸ್ಟಿನಿಂದ ತೆಗೆಯಿರಿ ಎಂದಿದ್ದರು. ಮಧ್ಯಾಹ್ನ ಕತ್ತರಿ ಒಂದು ಸಾಲು ಬರೆದಳು: 'ನೋಡಿಕೊಳ್ಳುವವರು ಸಿಕ್ಕರು. ಕೋಡ್ ಕಳಿಸಿ, ಓದುತ್ತೇನೆ.'

ಕಳಿಸಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಕತ್ತರಿ ಪ್ರತಿ ಸಾಲನ್ನೂ ಓದಿದಳು. 'ಇಲ್ಲಿ ತೂತು.' 'ಇದು ಯಾಕೆ?' 'ಇದನ್ನು ಬರೆದವರಿಗೆ ಏನಾಗಿತ್ತು?' ಬರೆದವನಿಗೆ ಆಗ ಕೆಲಸವಿರಲಿಲ್ಲ, ಮತ್ತು ಕೋಡ್ ಬರೆಯುವುದು ಈಗಿನಷ್ಟು ಗೊತ್ತಿರಲಿಲ್ಲ. ತಮ್ಮ ಅಂಗಡಿಯ ಒಳಕೋಣೆಯಲ್ಲಿ, ಮೊದಲು ಬರೆದ ಜಾಗದಲ್ಲೇ ಕೂತು, ತಿದ್ದಿ ತಿದ್ದಿ ಕಳಿಸಿದ. ಅವಳು ವಾಪಸ್ ಕಳಿಸಿದಳು. ಬೇರೆ ದೇಶಗಳ ಸಭೆಗಳಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿಸಿಕೊಂಡಿದ್ದ ಮನುಷ್ಯ, ಗುರುವಾರ ಸಂಜೆ ಹೊತ್ತಿಗೆ ಕಾಪಿ ತಿದ್ದಿಸಿಕೊಳ್ಳುವ ಹುಡುಗನ ಹಾಗೆ ಕಿವಿ ಕೆಂಪಾಗಿ ಕೂತಿದ್ದ.

"ಏನಂತೆ ಮೇಡಮ್ಮು?" ಎಂದರು ಭಾವ.

"ಶುದ್ಧ ಇಲ್ವಂತೆ."

"ಅದನ್ನ ನಾನು ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಆಗ ನಂಗೆ ಕಂಪ್ಯೂಟರ್ ಬರಲ್ಲ ಅಂದ್ರಿ."

ಅದರ ಮಧ್ಯೆ ಅಕ್ಕನ ಓಡಾಟ ನಡೆದೇ ಇತ್ತು. ಈಗ ಅಚ್ಚು ಹಾಕುವ ಮೊದಲು ಪಟ್ಟಿಯ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಭಾವ ಇನ್ನೊಂದು ಪರದೆ ನೋಡಿ ಹೂಂ ಎನ್ನುತ್ತಿದ್ದರು. ಒಂದು ಸಲ ಅಭ್ಯಾಸಬಲದಿಂದ ನೋಡದೆಯೇ ಹೂಂ ಎಂದು ಸಿಕ್ಕಿಬಿದ್ದರು.

ಶುಕ್ರವಾರ ಬೆಳಿಗ್ಗೆ ಒಂದೇ ಒಂದು ತಕರಾರು ಉಳಿದಿತ್ತು. 'ಪರೀಕ್ಷೆಯ ಸಾಲು: "ಅಕ್ಕಾ, ಬಂತಾ?" ಇದೇನು? ಇಲ್ಲಿ ಪ್ರಿಂಟರಿನ ಮಾಡೆಲ್ ನಂಬರ್ ಇರಬೇಕು.'

ತಮ್ಮ ಬಹಳ ಹೊತ್ತು ಅದನ್ನೇ ನೋಡಿದ. ಅಳಿಸಲು ಕೈ ಹೋಯಿತು. ಆಮೇಲೆ, ಇಂಥ ಪ್ರಶ್ನೆಯನ್ನು ನೋಡಿಕೊಳ್ಳುವವರೇ ತೀರ್ಮಾನಿಸಬೇಕು ಎಂಬ ಕಟ್ಟಳೆ ನೆನಪಾಗಿ, ಹೊರಗೆ ಬಂದು ಅಕ್ಕನಿಗೆ ತೋರಿಸಿದ. ಅವಳು ಕೈಯಲ್ಲಿದ್ದ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಬೆರಳಿನಲ್ಲಿ ಉತ್ತರ ಬರೆದಳು: 'ಇರಲಿ.'

ಸಂಜೆಯವರೆಗೆ ಏನೂ ಬರಲಿಲ್ಲ. ಬಾಗಿಲು ಮುಚ್ಚುವ ಹೊತ್ತು ಹತ್ತಿರವಾದಾಗ ತಮ್ಮ ಒಳಗೂ ಹೊರಗೂ ಓಡಾಡತೊಡಗಿದ. ಭಾವ ಅವನಿಗೆ ಒಂದು ಸ್ಟೂಲ್ ಕೊಟ್ಟರು, ಆಮೇಲೆ ಚಹ ಕೊಟ್ಟರು, ಆಮೇಲೆ ಕತ್ತರಿಸಲು ಒಂದು ಸುರುಳಿ ಕೊಟ್ಟರು. ಅರ್ಧ ಸುರುಳಿ ವಕ್ರವಕ್ರವಾಗಿ ಕತ್ತರಿಸಿದ ಮೇಲೆ ಫೋನು ಸಣ್ಣಗೆ ಸದ್ದು ಮಾಡಿತು. ಅವನ ಹೆಸರಿನ ಕೆಳಗೆ ಕತ್ತರಿಯ ಸಾಲು ಬಂದಿತ್ತು: 'ಓದಿದೆ, ಒಪ್ಪಿದೆ.' ನೋಡಿಕೊಳ್ಳುವವರ ಜಾಗದಲ್ಲಿ ಅಕ್ಕನ ಹೆಸರು. ಪರೀಕ್ಷೆಯ ಸಾಲು ಇದ್ದ ಹಾಗೇ ಇತ್ತು.

"ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ತಾನಾಗೇ ಬಂದು ಕೂತಿರುತ್ತೆ," ಎಂದ. "ಮೊದಲು ಪರೀಕ್ಷೆ ಮಾಡು. ಲಿಸ್ಟಿಗೆ ಬರಿ. ನಂಗೆ ಫೋನ್ ಮಾಡು."

"ಲಿಸ್ಟಿಗೆ ಬರೀತೀನಿ," ಎಂದಳು ಅಕ್ಕ.

ಶನಿವಾರ ಅವಳು ಬಾಗಿಲು ತೆಗೆದು, ಕಸ ಹೊಡೆದು, ಕೋಣನ ಮೇಲಿನ ಬಟ್ಟೆ ತೆಗೆದಳು. ಅದರ ವೈರನ್ನು ಹಳೆಯ ಕಂಪ್ಯೂಟರಿನಿಂದ ಬಿಡಿಸಿ ಹೊಸದಕ್ಕೆ ಚುಚ್ಚಿ, ಪರೀಕ್ಷೆಯ ಸಾಲು ಕಳಿಸಿದಳು. ಕೋಣ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, ಗುಟುರು ಹಾಕಿ, ಒಂದು ಲೇಬಲ್ಲನ್ನು ಹೊರಕ್ಕೆ ತಳ್ಳಿತು. ಅವಳು ಅದನ್ನು ಹರಿದು, ಓದಿ, ಹಳದಿ ಚೀಟಿಯ ಪಕ್ಕದಲ್ಲಿ ಅಂಟಿಸಿದಳು. ಹೊಸದು ಸ್ವಲ್ಪ ಓರೆಯಾಯಿತು. ಲಿಸ್ಟಿನಲ್ಲಿ 'ಬಂತು' ಎಂದು ಬರೆದಳು. ಆಮೇಲೆ ಲ್ಯಾಬಿನ ಪಟ್ಟಿಯನ್ನು ಬಿಚ್ಚಿ, ಅಭ್ಯಾಸವಾಗಿಬಿಟ್ಟಿದ್ದರಿಂದ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ಗಟ್ಟಿಯಾಗಿ ಓದಿ, ಅಚ್ಚಿಗೆ ಕೊಟ್ಟಳು.

ಅಂಗಡಿಯ ತುಂಬ ಸದ್ದು ಎದ್ದಿತು. ಅವಳ ಹಿಂದೆ, ಮೇಜಿನ ಮೇಲೆ, ತಮ್ಮನ ಕರೆ ಬಂದು ಫೋನಿನ ಬೆಳಕು ಹತ್ತಿಕೊಂಡಿತು. ಅದು ನಡುಗುತ್ತ ನಡುಗುತ್ತ ಸ್ವಲ್ಪ ಸ್ವಲ್ಪವೇ ಅಂಚಿನ ಕಡೆ ಸರಿದು, ನಿನ್ನೆ ತಮ್ಮ ವಕ್ರವಾಗಿ ಕತ್ತರಿಸಿಟ್ಟಿದ್ದ ಸುರುಳಿಗೆ ತಾಗಿ ನಿಂತಿತು, ಆರಿತು, ಮತ್ತೆ ಹತ್ತಿಕೊಂಡಿತು. ಅಕ್ಕ ಬೆನ್ನು ತಿರುಗಿಸಿ ನಿಂತು, ಕೋಣನಿಂದ ಹೊರಬರುತ್ತಿದ್ದ ಹೆಸರುಗಳನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತಿಕೊಳ್ಳುತ್ತಿದ್ದಳು.